ಮೂರು ದಳ, ಒಂದು ತೊಟ್ಟಿಲು

ಸೈನ್ಯದಲ್ಲಿ ಎಲ್ಲವೂ ಪ್ಲಾನಿನ ಪ್ರಕಾರ ನಡೆಯುತ್ತದೆ ಎಂದು ನಂಬಿರುವವರೆಲ್ಲ ಸೈನ್ಯಕ್ಕೆ ಸೇರದವರು. ನಾನು ಸೇರಿದವನು, ಅದರಲ್ಲೂ ರೇಷನ್ ಹವಾಲ್ದಾರ. ಡೇರೆಯೊಳಗೆ ಪ್ಲಾನು ಎಷ್ಟು ಚೆಂದ ಇರುತ್ತದೆ, ಹೊರಗೆ ಕಾಲಿಟ್ಟ ಕೂಡಲೇ ಅದರ ಗತಿ ಏನಾಗುತ್ತದೆ ಎಂಬುದನ್ನು ಹಿಟ್ಟು, ಬೇಳೆ ಸಮೇತ ಕಂಡವನು. ಇಂಥ ಪ್ರಸಂಗಗಳು ಒಂದಲ್ಲ ಎರಡಲ್ಲ, ನಡೆಯುತ್ತಲೇ ಇದ್ದವು. ಆದರೆ ಕೊಲ್ಹಾಪುರದ ಆ ಒಂದು ಕ್ಯಾಂಪಿನಲ್ಲಿ ನಡೆದಷ್ಟು ಬೇರೆಲ್ಲೂ ನಡೆಯಲಿಲ್ಲ.

ಅದು ಅರವತ್ತೊಂದರ ಚಳಿಗಾಲ. ಘಟ್ಟದ ಕೆಳಗೆ ಗೋವಾ ಕಡೆ ಏನೋ ಆಗಲಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುವಂತಿರಲಿಲ್ಲ. ರೈಲು ಕೊಲ್ಹಾಪುರಕ್ಕೆ ಬಂದು ಮುಗಿಯುತ್ತಿತ್ತು. ಅಲ್ಲಿ ಸಾಮಾನು ಇಳಿಸಿ ಲಾರಿಗೆ ಹೇರಿ ನಿಪ್ಪಾಣಿ, ಗಡಹಿಂಗ್ಲಜ, ಆಜರಾ ದಾಟಿಸಿ ಘಟ್ಟಕ್ಕೆ ಮುಟ್ಟಿಸುವುದು ನಮ್ಮ ಕೆಲಸ. ಭೂದಳ, ನೌಕಾದಳ, ವಿಮಾನದಳ ಮೂರೂ ಕೂಡಿ ಮಾಡುವ ಕೆಲಸವಾದ್ದರಿಂದ ಕ್ಯಾಂಪಿನಲ್ಲಿ ಮೂವರು ಸಾಹೇಬರಿದ್ದರು. ನಮ್ಮ ಮೇಜರ್ ಸಾಹೇಬರು ಉತ್ತರದ ಕಡೆಯವರು, ಮೀಸೆ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು, ಆದರೆ ಮೀಸೆ ಕಂಡಷ್ಟು ಬೇಗ ಮನಸ್ಸು ಕಾಣುತ್ತಿರಲಿಲ್ಲ. ನೌಕಾದಳದ ಸಾಹೇಬರು ಸಮುದ್ರವಿಲ್ಲದ ಊರಿನಲ್ಲಿ ದಿಕ್ಕು ತಪ್ಪಿದವರಂತೆ ಓಡಾಡುತ್ತಿದ್ದರು. ವಿಮಾನದಳದ ಸಾಹೇಬರು ಇನ್ನೂ ಹುಡುಗು ವಯಸ್ಸಿನವರು, ಮಾತಾಡುವಾಗಲೂ ಮೇಲೆಯೇ ನೋಡುತ್ತಿದ್ದರು. ಮೂವರ ಮಾತೂ ಹಿಂದಿಯಲ್ಲಿ. ನಾನದನ್ನು ಕನ್ನಡದಲ್ಲೇ ಹೇಳುತ್ತೇನೆ.

ನನ್ನದೊಂದು ಸಂಕಟ ಮೊದಲೇ ಹೇಳಿಬಿಡಬೇಕು. ನನ್ನ ಊರು ಗಡಹಿಂಗ್ಲಜ. ನನ್ನ ಮನೆ ಅಲ್ಲಿಯ ಹೆದ್ದಾರಿಯ ಮಗ್ಗುಲಿಗೇ ಇದೆ. ನಾನು ದೂರದ ಗಡಿಯಲ್ಲಿದ್ದಾಗ ಮನೆಯಲ್ಲಿ ಹೆಣ್ಣು ಮಗು ಹುಟ್ಟಿತ್ತು. ಮೂರು ತಿಂಗಳಾಗಿದ್ದರೂ ಅದರ ಮುಖ ನಾನು ನೋಡಿರಲಿಲ್ಲ. ಅವ್ವ ಹಟ ಹಿಡಿದಿದ್ದಳು, "ಅಪ್ಪ ಬಂದು ಮುಂದ ನಿಂತ ಹೊರತು ಹೆಸರ ಇಡಂಗಿಲ್ಲ" ಎಂದು. ಹಾಗಾಗಿ ನನ್ನ ಮಗಳು ಆಗಿನ್ನೂ ಬರೀ 'ಕೂಸು'. ಕೊಲ್ಹಾಪುರಕ್ಕೆ ಬಂದಿಳಿದ ದಿನವೇ ನಾನು ಮೇಜರ್ ಸಾಹೇಬರ ಮುಂದೆ ನಿಂತು ರಜೆ ಕೇಳಿದೆ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ತಿರುಗಿ ಬರಬಹುದು.

"ಹವಾಲ್ದಾರ್, ನೀನು ಊರಿಗೆ ಹೋದರೆ ಅವರು ಎಲ್ಲಿಂದ ಬಂದಿ ಅಂತಾರೆ, ಎಲ್ಲಿಗೆ ಹೋಗ್ತಿ ಅಂತಾರೆ. ಗುಟ್ಟು ಉಳಿಯುತ್ತದೆಯೇ?" ಎಂದರು.

"ನಾನು ಹೇಳೋದಿಲ್ಲ ಸರ್."

"ನಿನ್ನ ತಾಯಿ ಕೇಳಿದರೆ?"

ನಾನು ಸೆಲ್ಯೂಟ್ ಹೊಡೆದು ಹೊರಗೆ ಬಂದೆ. ಅವರಿಗೂ ತಾಯಿ ಇದ್ದರು ಎಂದು ಕಾಣುತ್ತದೆ.

ಕಡೆಗೆ ಹೇರಬೇಕಾದದ್ದು

ಲಾರಿ ತುಂಬುವುದಕ್ಕೊಂದು ನಿಯಮವಿದೆ. ಇಳಿದ ಕೂಡಲೇ ಮೊದಲು ಬೇಕಾಗುವ ಸಾಮಾನನ್ನು ಕಡೆಗೆ ಹೇರಬೇಕು, ಆಗ ಅದು ಬಾಗಿಲ ಹತ್ತಿರ ಇರುತ್ತದೆ. ಇಷ್ಟು ಸರಳ. ಆದರೆ ಮೂರು ದಳಗಳು ಕೂಡಿದಾಗ ಯಾವುದೂ ಸರಳವಾಗಿ ಉಳಿಯುವುದಿಲ್ಲ.

"ನಮ್ಮ ಗುಂಡಿನ ಪೆಟ್ಟಿಗೆ ಮೊದಲು ಇಳಿಯಬೇಕು, ಆದ್ದರಿಂದ ಕಡೆಗೆ ಹೇರಿ" ಎಂದರು ಮೇಜರ್ ಸಾಹೇಬರು.

"ನಮ್ಮ ಹಗ್ಗ, ಲಂಗರು ಇಲ್ಲದೆ ದೋಣಿ ನೀರಿಗಿಳಿಯುವುದು ಹೇಗೆ? ಅವು ಕಡೆಗೆ" ಎಂದರು ನೌಕಾದಳದವರು.

"ನಮ್ಮ ವೈರ್‌ಲೆಸ್ ಇಲ್ಲದಿದ್ದರೆ ನೀವಿಬ್ಬರೂ ಎಲ್ಲಿದ್ದೀರಿ ಅಂತಲೇ ನಮಗೆ ಗೊತ್ತಾಗುವುದಿಲ್ಲ. ಅದು ಕಡೆಗೆ" ಎಂದರು ವಿಮಾನದಳದವರು, ಮೇಲೆ ನೋಡುತ್ತ.

ಮೂರು ದಳದ ಸಾಮಾನೂ ಕಡೆಗೇ ಆದ್ದರಿಂದ ಮೊದಲಿಗೆ ಹೇರಲು ಏನೂ ಉಳಿಯಲಿಲ್ಲ. ಹಮಾಲರು ಲಾರಿಯ ನೆರಳಲ್ಲಿ ಕುಳಿತು ತಂಬಾಕು ತಿಕ್ಕಿದರು. ಮಧ್ಯಾಹ್ನದವರೆಗೆ ಮೀಟಿಂಗು ನಡೆಯಿತು. ಚಹಾ ಮಾಡಿ ಮಾಡಿ ಅಡಿಗೆಯವನ ಸಕ್ಕರೆ ಮುಗಿಯಿತು. ಕಡೆಗೆ ನಾನು ಒಬ್ಬೊಬ್ಬ ಸಾಹೇಬರನ್ನೂ ಬೇರೆ ಬೇರೆ ಕರೆದೊಯ್ದು ಒಂದೊಂದು ಲಾರಿ ತೋರಿಸಿದೆ. ಅವರವರಿಗೆ ತೋರಿಸಿದ ಲಾರಿಯಲ್ಲಿ ಅವರವರ ಸಾಮಾನು ಕಡೆಗೆ, ಅದರ ಹಿಂದೆ ಒಳಬದಿಗೆ ಉಳಿದಿಬ್ಬರದು. ಮೂವರೂ ಬೇರೆ ಬೇರೆ ಬಂದು, "ಶಾಬಾಸ್ ಹವಾಲ್ದಾರ್, ಆ ಇಬ್ಬರಿಗೆ ಸುದ್ದಿ ಕೊಡಬೇಡ" ಎಂದು ನನ್ನ ಬೆನ್ನು ತಟ್ಟಿದರು.

ಮೂವರೂ ಒಟ್ಟಿಗೆ ಬಂದು ಎಲ್ಲ ಲಾರಿ ನೋಡುವ ಹೊತ್ತಿಗೆ ನನಗೆ ಹೊಟ್ಟೆ ಕೆಟ್ಟು ನಾನು ಕಕ್ಕಸಿನಲ್ಲಿದ್ದೆ. ಅವರು ಹೋಗುವವರೆಗೂ ಕೆಟ್ಟೇ ಇತ್ತು.

ಆಕಾಶದಿಂದ ಬಂದ ಬೇಳೆ

ಘಟ್ಟದಲ್ಲಿ ದಾರಿ ಕಡಿದುಹೋದರೆ ಮೇಲಿಂದ ರೇಷನ್ ಇಳಿಸಬೇಕಲ್ಲ, ಅದರ ತಾಲೀಮು ಹಲಕರ್ಣಿ ಎಂಬ ಹಳ್ಳಿಯ ಬಯಲಲ್ಲಿ ಆಗಬೇಕೆಂದು ವಿಮಾನದಳದ ಸಾಹೇಬರು ಏರ್ಪಾಡು ಮಾಡಿದರು. ನೆಲದ ಮೇಲೆ ಬಿಳಿ ಬಟ್ಟೆ ಹಾಸುವುದು, ವಿಮಾನ ಬಂದು ಆ ಬಿಳಿಯನ್ನು ನೋಡಿ ಚೀಲ ಕೆಳಗೆ ಒಗೆಯುವುದು. ಬಟ್ಟೆ ತರಿಸಿದ್ದು ಇಚಲಕರಂಜಿಯಿಂದ. ನನ್ನ ತಂಗಿಯನ್ನು ಕೊಟ್ಟದ್ದು ಆ ಊರಿಗೇ, ಅವಳ ಗಂಡ ಅಲ್ಲಿ ಪವರ್‌ಲೂಮಿನ ಮೇಲೆ ದುಡಿಯುತ್ತಿದ್ದ. ಅವನ ಮಗ್ಗದ ಬಟ್ಟೆ ಬೆಳದಿಂಗಳಂತೆ ಬೆಳ್ಳಗಿತ್ತು.

ಎಲ್ಲ ಸರಿಯಾಗಿಯೇ ಇತ್ತು. ಆದರೆ ಅದು ಕಬ್ಬಿನ ಗಾಣದ ಕಾಲ. ಬಯಲಿನ ಆಚೆಗೆ ಒಬ್ಬ ರೈತನ ಗಾಣ ನಡೆದಿತ್ತು. ಬೆಲ್ಲದ ಪೆಂಟೆ, ಅಂದರೆ ದೊಡ್ಡ ಉಂಡೆ, ಕಟ್ಟುವಾಗ ಅಚ್ಚಿನೊಳಗೆ ಹಾಸುವ ಬಿಳಿ ಬಟ್ಟೆಗಳನ್ನು ಗಾಣದವರು ತೊಳೆದು ಅಂಗಳದ ತುಂಬ ಒಣಗಹಾಕಿದ್ದರು. ಮೇಲಿನಿಂದ ನೋಡಿದವನಿಗೆ ನಮ್ಮ ಒಂದು ಬಟ್ಟೆ ಎಲ್ಲಿ ಕಾಣಬೇಕು? ವಿಮಾನ ಬಂತು. ಗಾಣದವರೆಲ್ಲ ಕೆಲಸ ಬಿಟ್ಟು ಅದನ್ನು ನೋಡಲು ಬಯಲಿಗೆ ಓಡಿ ಬಂದರು, ಅದೊಂದು ಪುಣ್ಯ. ವಿಮಾನ ನಮ್ಮ ತಲೆಯ ಮೇಲೆ ಹಾದು ಹೋಗಿ, ಅವರು ಬಿಟ್ಟು ಬಂದ ಅಂಗಳಕ್ಕೆ ಕಡಲೆಬೇಳೆಯ ಚೀಲ ಒಗೆಯಿತು.

ನಾವು ಓಡಿ ಹೋಗಿ ನೋಡಿದರೆ ಚೀಲ ಒಡೆದು, ಆರಲು ಹರವಿದ್ದ ಬೆಲ್ಲದ ಪಾಕದ ಮೇಲೆಲ್ಲ ಬೇಳೆ. ವಿಮಾನದಳದ ಸಾಹೇಬರು ಮೊದಲ ಸಲ ಕೆಳಗೆ ನೋಡಿದರು. ನಾನು ಕೈ ಮುಗಿದು, "ತಪ್ಪಾತ್ರಿ, ಸರ್ಕಾರದಿಂದ ಭರ್ತಿ ಮಾಡಿ ಕೊಡತೀವಿ" ಎಂದೆ.

ರೈತನ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪಾಕವನ್ನೊಮ್ಮೆ ನೋಡಿದಳು, ಆಕಾಶವನ್ನೊಮ್ಮೆ ನೋಡಿದಳು. "ಅಲ್ರೀ ಸಾಹೇಬ್ರ, ಬ್ಯಾಳಿ ಬಂತು, ಬೆಲ್ಲ ನಮ್ಮದ ಐತಿ. ಹೋಳಿಗಿಗೆ ಹಿಟ್ಟು ಯಾವಾಗ ಒಗೀತೀರಿ?" ಎಂದಳು.

ಪಲ್ಟನ್ನಿನ ಉಪ್ಪಿನಕಾಯಿ

ಸೈನ್ಯದ ಲಾರಿ ಸಾಲದೆ ಇಚಲಕರಂಜಿಯಿಂದ ಬಟ್ಟೆ ಸಾಗಿಸುವ ಲಾರಿಗಳನ್ನು ಬಾಡಿಗೆಗೆ ಹಿಡಿದೆವು. ಜವಾನರನ್ನು ಕೂರಿಸಲು ಒಂದು ಬಸ್ಸೂ ಬೇಕಾಗಿತ್ತು. "ಇಚಲಕರಂಜಿಯಿಂದ ಗಡಹಿಂಗ್ಲಜಕ್ಕೆ ಓಡುವ ಬಸ್ಸು ಗಟ್ಟಿಮುಟ್ಟಾಗಿದೆ ಸರ್, ಡ್ರೈವರನಿಗೆ ದಾರಿಯೂ ಗೊತ್ತು" ಎಂದು ನಾನೇ ಸೂಚಿಸಿದೆ. ಮೇಜರ್ ಸಾಹೇಬರು ಮೆಚ್ಚಿ ತಲೆಯಾಡಿಸಿದರು. ಈ ಬಸ್ಸನ್ನು ಓದುಗರು ನೆನಪಿಟ್ಟಿರಬೇಕು, ನಾನಂತೂ ಸಾಯುವವರೆಗೆ ಮರೆಯುವುದಿಲ್ಲ.

ಪ್ಲಾನಿನಲ್ಲಿ ಲಾರಿಗಳು ಹೊರಡುವುದು ಅಮಾವಾಸ್ಯೆಯ ಕತ್ತಲಲ್ಲಿ ಎಂದಿತ್ತು. ಕತ್ತಲಿದ್ದರೆ ಯಾರಿಗೂ ಕಾಣುವುದಿಲ್ಲವಲ್ಲ. ಅದನ್ನು ಕೇಳಿದ್ದೇ ಬಾಡಿಗೆ ಲಾರಿಯ ಡ್ರೈವರರೆಲ್ಲ ಕೀಲಿಕೈ ಜೇಬಿಗಿಳಿಸಿ ಕೆಳಗೆ ಕೂತರು. ಅವರ ಮುಖಂಡ ಎದ್ದು ನಿಂತ. "ಅಮಾಸಿ ದಿನಾ ಗಾಡಿ ಹೊರಡಂಗಿಲ್ರಿ. ಅಮಾಸಿ ಮುಗದ ಮ್ಯಾಲ ನಾರಳ ಒಡದು, ಗಾಲಿ ಅಡಿ ನಿಂಬಿಹಣ್ಣ ಇಟ್ಟು ಹೊರಡತೀವಿ."

"ಯುದ್ಧವೇನು ಅಮಾವಾಸ್ಯೆ ನೋಡುತ್ತದೆಯೇ?" ಎಂದು ಮೇಜರ್ ಸಾಹೇಬರು ಗುಡುಗಿದರು.

"ಯುದ್ಧ ನೋಡಂಗಿಲ್ರಿ ಸಾಹೇಬ್ರ, ಇಂಜಿನ್ ನೋಡ್ತೈತಿ" ಎಂದ ಅವನು.

ಮೇಜರ್ ಸಾಹೇಬರು ಬೆಂಬಲಕ್ಕಾಗಿ ಉಳಿದಿಬ್ಬರತ್ತ ತಿರುಗಿದರು. ನೌಕಾದಳದ ಸಾಹೇಬರು ಮೆಲ್ಲಗೆ, "ನಾವೂ ಹಡಗಿಗೆ ತೆಂಗಿನಕಾಯಿ ಒಡೆಯುತ್ತೇವೆ" ಎಂದರು. ವಿಮಾನದಳದ ಸಾಹೇಬರು ಹಲಕರ್ಣಿಯಿಂದ ಬಂದ ಮೇಲೆ ಯಾವ ವಿಷಯಕ್ಕೂ ಬಾಯಿ ಹಾಕುತ್ತಿರಲಿಲ್ಲ. ಹೀಗೆ ಮೂರು ದಳಗಳು ಮೊದಲ ಸಲ ಒಮ್ಮತಕ್ಕೆ ಬಂದವು. ಅಮಾವಾಸ್ಯೆ ಕಳೆದು ಬೆಳಗಾದ ಮೇಲೆ ಹೊರಡುವುದೆಂದಾಯಿತು, ನನ್ನನ್ನು ನಿಂಬೆಹಣ್ಣು ತರಲು ಪೇಟೆಗೆ ಅಟ್ಟಿದರು. "ಯಾಕೆ ಏನು ಅಂತ ಯಾರಿಗೂ ತಿಳಿಯಬಾರದು" ಎಂಬ ತಾಕೀತಿನೊಂದಿಗೆ.

ಪೇಟೆಯಲ್ಲಿ ನಿಂಬೆಹಣ್ಣು ಮಾರುತ್ತ ಕೂತವಳು ನಮ್ಮ ಗಡಹಿಂಗ್ಲಜದ ಮುದುಕಿ, ನಮ್ಮ ಓಣಿಯ ಕೊನೆ ಮನೆಯವಳು. ನಾನು ಹಿಂದೆ ತಿರುಗಿದೆ, ಆದರೆ ಬೇರೆ ಯಾರ ಹತ್ತಿರವೂ ಅಷ್ಟು ಹಣ್ಣಿರಲಿಲ್ಲ.

"ಯಾವಾಗ ಬಂದ್ಯೋ ನನ್ನಪ್ಪಾ? ಇಷ್ಟ್ಯಾಕ ನಿಂಬಿಹಣ್ಣ?"

"ಪಲ್ಟನ್ನಿಗೆ ಉಪ್ಪಿನಕಾಯಿ ಹಾಕಾಕಬೇ."

"ಉಪ್ಪಿನಕಾಯಿಗೆ ರಸ ಇದ್ದದ್ದ ಆರಸ್ತಾರ. ನೀ ನೋಡಿದ್ರ ಒಣಗಿ ಕೊರಡಾದ ಹಣ್ಣು, ಗಾಡಿಗೆ ನಾಕರಂಗ ಎಣಿಸಿ ಎಣಿಸಿ ಇಟ್ಟಿ."

ನಾನು ಹಣ್ಣನ್ನು ಲಗುಬಗೆಯಿಂದ ಚೀಲಕ್ಕೆ ಸುರಿದೆ. ಶತ್ರುವಿನ ಗೂಢಚಾರರಿಗೆ ಸಿಕ್ಕದ ನಮ್ಮ ಗಾಡಿಗಳ ಲೆಕ್ಕ ಆ ಮುದುಕಿಯ ಬುಟ್ಟಿಯಲ್ಲಿತ್ತು. ಅವಳು ನನ್ನ ಮುಖ ನೋಡಿ ಕನಿಕರದಿಂದ, "ನಿಮ್ಮ ಅವ್ವಗ ಏನರ ಹೇಳಲೇನು?" ಎಂದಳು.

ಹೇಳು ಎನ್ನುವ ಆಸೆಯಿತ್ತು. ಕೂಸು ಹೆಂಗೈತಿ ಎಂದಾದರೂ ಕೇಳಬೇಕಿತ್ತು. ಕೇಳಿದರೆ ಕಣ್ಣೀರು ಬರುತ್ತದೆಂದು ಕೇಳಲಿಲ್ಲ. "ಏನೂ ಹೇಳಬ್ಯಾಡಬೇ. ದೇಶದ ಗುಟ್ಟು" ಎಂದೆ.

"ಅಯ್ಯ, ನಾ ಯಾಕ ಹೇಳಲಿ?" ಎಂದು ಅವಳು ಖಾಲಿ ಬುಟ್ಟಿ ಬೋರಲು ಹಾಕಿ ಎದ್ದಳು. "ಹಣ್ಣ ಎಲ್ಲಾ ನೀನ ಒಯ್ದಿ. ಇವತ್ತ ಲಗೂ ಊರಿಗೆ ಹೋಗ್ತೇನಿ."

ದಾರಿಗೆ ಅಡ್ಡ

ಅಮಾವಾಸ್ಯೆ ಕಳೆದು ಬೆಳಗಾಯಿತು. ಕಾಯಿ ಒಡೆದವು, ಗಾಲಿಗಳು ನಿಂಬೆಹಣ್ಣಿನ ಮೇಲೆ ಹಾದವು, ನಮ್ಮ ಸಾಲು ಹೊರಟಿತು. ಮುಂದಿನ ಜೀಪಿನಲ್ಲಿ ಮೂವರು ಸಾಹೇಬರು, ದಾರಿ ತೋರಿಸಲು ನಾನು. ಮೇಜರ್ ಸಾಹೇಬರು ಹುಕುಂ ಓದಿ ಹೇಳಿದರು: ನಡುವೆ ಎಲ್ಲೂ ನಿಲ್ಲಕೂಡದು. ರಸ್ತೆಗೆ ಅಡಚಣೆ ಬಂದರೆ ಮಾತ್ರ ನಿಂತು, ಅದನ್ನು ತೆಗೆದು ಮುಂದೆ ಸಾಗಬೇಕು.

ನಿಪ್ಪಾಣಿ ದಾಟಿದ ಮೇಲೆ ನನ್ನ ಕಣ್ಣೆಲ್ಲ ರಸ್ತೆಯ ಮೇಲೆಯೇ. ನನ್ನ ಮನೆಯ ಬಾಗಿಲ ಮುಂದೆಯೇ ಜೀಪು ಹಾಯುತ್ತದೆ, ಆದರೆ ನಿಲ್ಲುವುದಿಲ್ಲ. ಮುಂದೆ ಏನಿದೆಯೋ, ತಿರುಗಿ ಬರುತ್ತೇನೋ ಇಲ್ಲವೋ. ಅವ್ವ ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡು ನಿಂತಿರಲಿ ದೇವರೇ, ಹಾದುಹೋಗುವಾಗ ಒಂದು ಸಲ ಕಂಡರೆ ಸಾಕು ಎಂದುಕೊಂಡೆ. ಅಷ್ಟೇ ನನ್ನ ಬೇಡಿಕೆ.

ಗಡಹಿಂಗ್ಲಜ ಬಂತು. ತಿರುವು ದಾಟಿದ್ದೇ ಡ್ರೈವರ್ ಬ್ರೇಕು ಒತ್ತಿದ. ರಸ್ತೆಯ ಈ ಕಡೆಯಿಂದ ಆ ಕಡೆಗೆ ಹಂದರ. ಹಂದರದ ನಟ್ಟನಡುವೆ ಹೂವಿನ ಸರ ಇಳಿಬಿಟ್ಟ ತೊಟ್ಟಿಲು. ಸುತ್ತ ನಮ್ಮ ಓಣಿಯ ಹೆಂಗಸರೆಲ್ಲ. ಮುಂದೆ ಸೊಂಟದ ಮೇಲೆ ಕೈಯಿಟ್ಟು ನಮ್ಮ ಅವ್ವ.

"ಇದೇನು?" ಎಂದರು ಮೇಜರ್ ಸಾಹೇಬರು.

"ಅಡಚಣೆ ಸರ್" ಎಂದೆ.

ಕೆಳಗಿಳಿದು ಅವ್ವನ ಹತ್ತಿರ ಹೋಗಿ, "ನಿನಗ ಯಾರ ಹೇಳಿದ್ರಬೇ?" ಎಂದು ಪಿಸುಗುಟ್ಟಿದೆ.

"ಯಾರೂ ಹೇಳಿಲ್ಲ. ನಿಂಬಿಹಣ್ಣಿನಾಕಿ ಹಣ್ಣ ಎಲ್ಲಾ ನಿನ್ನ ಮಗಾ ಒಯ್ದ ಅಂದ್ಲು, ಅಷ್ಟ. ಅಮಾಸಿ ಯಾವಾಗ ಮುಗೀತೈತಿ ಅಂತ ನನಗ ಗೊತ್ತಿಲ್ಲೇನು? ಘಟ್ಟಕ್ಕ ಹೋಗಾಕ ನಮ್ಮ ಮನಿ ಮುಂದಿನ ದಾರಿ ಬಿಟ್ಟು ನಿಮಗ ಬ್ಯಾರೆ ದಾರಿ ಐತೇನು?"

"ರಸ್ತಾದಾಗ ತೊಟ್ಟಲಾ ಕಟ್ಟೀಯಲ್ಲಬೇ!"

"ಮನಿ ಸಣ್ಣದೈತಿ. ಮಂದಿ ಎಲ್ಲಿ ಕೂರಸ್ಲಿ?"

ಮೇಜರ್ ಸಾಹೇಬರು ಗಡಿಯಾರ ನೋಡುತ್ತ ಬಂದರು. "ಹವಾಲ್ದಾರ್, ಈ ಅಡಚಣೆ ತೆಗೆಯಲು ಏನು ಮಾಡಬೇಕು?"

"ಹೆಸರಿಡಬೇಕು ಸರ್."

"ಹಾಗಾದರೆ ಬೇಗ ಇಡಿ!"

ನಾನು ಅವ್ವನಿಗೆ ಹೇಳಿದೆ. ಅವ್ವ ತಲೆಯಾಡಿಸಿದಳು. ನಮ್ಮಲ್ಲಿ ಹೆಸರಿಡುವವಳು ಸೋದರತ್ತೆ, ಅಂದರೆ ಮಗುವಿನ ತಂದೆಯ ತಂಗಿ. ಅವಳು ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿ 'ಕುರ್ರ್' ಎನ್ನಬೇಕು, ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಹಾಗಿಲ್ಲದಿದ್ದರೆ ಹೆಸರು ಹತ್ತುವುದಿಲ್ಲ.

"ನಿನ್ನ ತಂಗಿ ಬಂದಿಲ್ಲ. ಬರಾಕ ಬಸ್ಸ ಇಲ್ಲಂತ. ಇಚಲಕರಂಜಿ ಬಸ್ಸು ಯಾವನೋ ಮಿಲಿಟರಿಯಾಂವ ಒಯ್ದಾನಂತ. ಅವನ ಬಾಯಾಗ ಮಣ್ಣ ಬೀಳ್ಲಿ!" ಎಂದಳು ಅವ್ವ.

ಆ ಬಸ್ಸು ನಮ್ಮ ಹಿಂದೆಯೇ ನಿಂತಿತ್ತು, ಹಣೆಯ ಮೇಲೆ 'ಇಚಲಕರಂಜಿ – ಗಡಹಿಂಗ್ಲಜ' ಎಂಬ ಬೋರ್ಡಿನ ಸಮೇತ. ಅವ್ವ ಬೋರ್ಡು ನೋಡಿದಳು, ನನ್ನ ಮುಖ ನೋಡಿದಳು. ನಾನು ನನಗರಿವಿಲ್ಲದೆಯೇ ಮೇಜರ್ ಸಾಹೇಬರತ್ತ ಬೆರಳು ತೋರಿಸಿದೆ.

ಅವ್ವ ನೇರವಾಗಿ ಅವರ ಮುಂದೆ ಹೋಗಿ ನಿಂತಳು. "ಸಾಹೇಬ್ರ, ನನ್ನ ಮಗಗ ರಜಾ ಕೊಡದಾವ್ರು ನೀವ. ನನ್ನ ಮಗಳ ಬಸ್ಸು ಒಯ್ದಾವ್ರೂ ನೀವ. ಆಕಿ ಜಾಗಾ ಖಾಲಿ ಮಾಡಿದ ಮ್ಯಾಲ ಆ ಜಾಗಾದಾಗ ನೀವ ನಿಂದರಬೇಕು."

ನಾನು ಒಂದಿಷ್ಟು ಮೆತ್ತಗೆ ಮಾಡಿ ಹಿಂದಿಗೆ ತಿರುಗಿಸಿದೆ. ಮೇಜರ್ ಸಾಹೇಬರು ಮೀಸೆ ತಿರುವಿದರು. ಕಾವಲಿನವನನ್ನು ತೆಗೆದವನೇ ಆ ಜಾಗಕ್ಕೆ ಇನ್ನೊಬ್ಬನನ್ನು ಹಾಕಬೇಕೆಂಬುದು ಸೈನ್ಯದ ನ್ಯಾಯ. ಅವರು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, "ನನಗೆ ತಂಗಿಯರಿಲ್ಲ. ಹೇಗೆ ಮಾಡಬೇಕು ಹೇಳಿಕೊಡಿ" ಎಂದರು.

ಅಷ್ಟರಲ್ಲಿ ನನ್ನ ಹೆಂಡತಿ ಕೂಸನ್ನು ತಂದು ನನ್ನ ಕೈಗಿಟ್ಟಳು. ಸಾವಿರ ಜನರ ರೇಷನ್ ತೂಗಿದ ಕೈಗೆ ಅದರ ತೂಕ ತಿಳಿಯಲಿಲ್ಲ. ಕೂಸು ನನ್ನ ಪದಕದ ಪಟ್ಟಿಯನ್ನು ಹಿಡಿದು ಬಾಯಿಗೆ ಹಾಕಿಕೊಂಡಿತು. ನಾನು ಎಲ್ಲರೆದುರೇ ಅತ್ತುಬಿಟ್ಟೆ, ಅದನ್ನೇನು ಮುಚ್ಚಿಡುವುದು? ಹೆಂಡತಿ ತಲೆ ತಗ್ಗಿಸಿಕೊಂಡೇ, "ಭಾಳ ಸೊರಗೀರಿ" ಎಂದಳು. ರೇಷನ್ ಹವಾಲ್ದಾರ ಸೊರಗಿದ್ದನ್ನು ಕಂಡವಳು ಲೋಕದಲ್ಲಿ ಅವಳೊಬ್ಬಳೇ.

ಕೂಸನ್ನು ತೊಟ್ಟಿಲಲ್ಲಿ ಮಲಗಿಸಿದೆವು. ನೌಕಾದಳದ ಸಾಹೇಬರಿಗೆ ತೊಟ್ಟಿಲ ಹಗ್ಗ ಹಿಡಿಯಲು ಕೊಟ್ಟರು. ಕೊಲ್ಹಾಪುರಕ್ಕೆ ಬಂದಾಗಿನಿಂದ ಮೊದಲ ಸಲ ಅವರ ಮುಖ ಅರಳಿತು, ಕೊನೆಗೂ ತೂಗಾಡುವಂಥದ್ದೊಂದು ಕೈಗೆ ಸಿಕ್ಕಿತ್ತು. ವಿಮಾನದಳದ ಸಾಹೇಬರ ಕೈಗೆ ಬೇಯಿಸಿದ ಕಾಳಿನ ಗುಗ್ಗರಿಯ ಬುಟ್ಟಿ ಕೊಟ್ಟು ಹಂಚಲು ಹೇಳಿದರು. ನಮ್ಮ ಅವ್ವ "ಕೈಗೆ ಕೊಡ್ರಿ, ಒಗೀಬ್ಯಾಡ್ರಿ" ಎಂದಳು. ಹಲಕರ್ಣಿಯ ಸುದ್ದಿಯೂ ಊರಿಗೆ ಮುಟ್ಟಿತ್ತು.

ಅವ್ವ ಹೇಳಿಕೊಟ್ಟ ಹೆಸರನ್ನು ಎರಡು ಸಲ ಬಾಯಿಪಾಠ ಮಾಡಿ ಮೇಜರ್ ಸಾಹೇಬರು ತೊಟ್ಟಿಲ ಮೇಲೆ ಬಗ್ಗಿದರು. ಕಿವಿಯಲ್ಲಿ ಮಾತಾಡುವುದೆಂದರೆ ಅವರಿಗೆ ಗೊತ್ತಿದ್ದದ್ದು ವೈರ್‌ಲೆಸ್ ಒಂದೇ. "ಶಾಂತಾ. ಕುರ್ರ್. ಓವರ್" ಎಂದು ಉತ್ತರಕ್ಕಾಗಿ ಕಾದರು.

ಉತ್ತರ ಬೆನ್ನ ಮೇಲೆ ಬಂತು. ಓಣಿಯ ಹೆಂಗಸರೆಲ್ಲ ಒಟ್ಟಿಗೆ ಧಬಧಬ ಗುದ್ದಿದರು, ರಜೆ ಕೊಡದ ಸಿಟ್ಟೂ ಅದರಲ್ಲಿ ಸ್ವಲ್ಪ ಸೇರಿತ್ತು. ಸಾಹೇಬರ ಮೇಲೆ ದಾಳಿಯಾಯಿತೆಂದು ಹಿಂದಿನ ಲಾರಿಯ ಜವಾನರು ದಡದಡ ಕೆಳಗೆ ಜಿಗಿದರು. "ನಿಲ್ಲಿ, ನಿಲ್ಲಿ, ಹೆಸರಿಡುತ್ತಿದ್ದಾರೆ!" ಎಂದು ನಾನು ಕೂಗಿದೆ. ಶಾಂತಾ ಇಡೀ ಗಡಹಿಂಗ್ಲಜಕ್ಕೆ ಕೇಳುವಂತೆ ಕಿರುಚಿದಳು.

ಮೇಜರ್ ಸಾಹೇಬರು ಸೊಂಟ ಹಿಡಿದುಕೊಂಡು ನೆಟ್ಟಗಾದರು. ಅವ್ವ ಬಿಡಲಿಲ್ಲ. "ಅತ್ತಿ ಆದ ಮ್ಯಾಲ ಕೂಸಿಗೆ ಕುಂಚಿಗಿ ತರಬೇಕ್ರಿ" ಎಂದಳು. ಕುಂಚಿಗೆ ಎಂದರೆ ಕೂಸಿನ ತಲೆಗೆ ಹಾಕುವ ಕುಲಾವಿ ಎಂದು ನಾನು ತಿಳಿಸಿದೆ. ಅವರು ಕೋಟಿನ ಜೇಬಿನಿಂದ ತಮ್ಮ ಉಣ್ಣೆಯ ಟೊಪ್ಪಿಗೆ ತೆಗೆದು ಕೂಸಿಗೆ ಹಾಕಿದರು. ಅದು ಗಲ್ಲದವರೆಗೆ ಇಳಿದು ಅಳು ಥಟ್ಟನೆ ನಿಂತಿತು. ಹಂದರ ಬಿಚ್ಚಿದರು, ಸಾಲು ಮುಂದೆ ಹೊರಟಿತು. ಆಜರಾ ದಾಟುವವರೆಗೂ ಜೀಪಿನಲ್ಲಿ ಎಲ್ಲರೂ ಗುಗ್ಗರಿ ತಿಂದೆವು.

ಘಟ್ಟದ ಹತ್ತಿರ ವೈರ್‌ಲೆಸ್ಸಿನಲ್ಲಿ ದೊಡ್ಡ ಸಾಹೇಬರ ಧ್ವನಿ ಗರ್ಜಿಸಿತು. "ಗಡಹಿಂಗ್ಲಜದಲ್ಲಿ ಯಾಕೆ ನಿಂತಿರಿ?"

"ರಸ್ತೆಗೆ ಅಡಚಣೆ ಬಂತು ಸರ್" ಎಂದರು ನಮ್ಮ ಮೇಜರ್.

"ಎಷ್ಟು ದೊಡ್ಡದು?"

ಮೇಜರ್ ಸಾಹೇಬರು ನನ್ನ ಕಡೆ ನೋಡಿ ಎರಡೂ ಅಂಗೈ ಸ್ವಲ್ಪವೇ ಅಗಲಿಸಿದರು. "ಇಷ್ಟೇ ಸರ್. ಸಣ್ಣದು."

"ಅಷ್ಟಕ್ಕೆ ಇಷ್ಟು ಹೊತ್ತೇ? ಪೂರ್ತಿ ತೆಗೆದು ಹಾಕಿದಿರೋ ಇಲ್ಲವೋ?"

"ಇಲ್ಲ ಸರ್" ಎಂದರು ಮೇಜರ್ ಸಾಹೇಬರು. "ಹೆಸರಿಟ್ಟು, ಟೊಪ್ಪಿಗೆ ಹಾಕಿ, ಅದರ ಅಜ್ಜಿಯ ಕೈಗೆ ಕೊಟ್ಟು ಬಂದಿದ್ದೇವೆ."